ಸಿನಿಮಾ ಕಟ್ಟಿದರೆ ಪೇಟೆ ಎದ್ದು ಕೂರುತ್ತಾ? ಗೆಳೆಯನಿಗೊಂದು ಪತ್ರ

ಗೆಳೆಯಾ,

ಹೋದ ಭಾನುವಾರ ಫೋನಿನಲ್ಲಿ ನೀನೊಂದು ಮಾತು ಕೇಳಿದೆ. ನಮ್ಮೂರ ಟಾಕೀಸು ಕೆಡವಿದ ಜಾಗ ಹಾಗೇ ಹಾಳು ಬಿದ್ದಿದೆ, ಅಲ್ಲೊಂದು ಮಲ್ಟಿಪ್ಲೆಕ್ಸು ಎದ್ದರೆ ಪೇಟೆ ಬೀದಿಗೆ ಮತ್ತೆ ಕಳೆ ಬರುತ್ತಾ ಅಂತ. ನಾನು ಅವಸರದಲ್ಲಿದ್ದೆ. ಸುಮ್ನೆ "ಬರಬಹುದು ಕಣೋ" ಅಂದು ಇಟ್ಟುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಯಾಕಂದ್ರೆ ಅದನ್ನೇ ಮಾಡಿ ನೋಡಿದ ಊರಿನ ಪಕ್ಕದಲ್ಲೇ ನಾನು ಇಷ್ಟು ವರ್ಷದಿಂದ ಇದ್ದೀನಿ.

ಊರಿನ ಹೆಸರು ರೆಡ್‌ವುಡ್ ಸಿಟಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊಗೂ ಸ್ಯಾನ್ ಹೋಸೆಗೂ ಹೆಚ್ಚುಕಮ್ಮಿ ನಟ್ಟನಡುವೆ. 2020ರ ಗಣತಿಯಲ್ಲಿ 84 ಸಾವಿರ ಚಿಲ್ಲರೆ ಜನ. ನಮ್ಮ ಐಟಿ ಜನಕ್ಕೆ ಈ ಊರು ಅಂದ್ರೆ ಒರಾಕಲ್‌ನವರ ದುಂಡನೆಯ ಗಾಜಿನ ಕಟ್ಟಡಗಳು, ಅಷ್ಟೇ. ಅವಿರುವುದು ಊರಾಚೆ, ನೀರಿನ ಕಡೆಗೆ. ನಾನೂ ಮೊದಲ ಎರಡು ವರ್ಷ ಪೇಟೆಗೆ ಕಾಲಿಟ್ಟವನಲ್ಲ.

ಪೇಟೆಯ ಮುಖ್ಯ ಬೀದಿ ಬ್ರಾಡ್‌ವೇ. ಅಲ್ಲೊಂದು ಕಮಾನು, ಅದರ ಮೇಲೆ ಹಳೇ ಜಾಹೀರಾತಿನ ಸಾಲು: ಸರ್ಕಾರವೇ ಪರೀಕ್ಷೆ ಮಾಡಿ ಒಳ್ಳೇ ಹವಾ ಅಂದ ಊರಿದು ಅಂತ. ಹವಾ ಚೆನ್ನಾಗಿಯೇ ಇದೆ, ಸುಳ್ಳಲ್ಲ. ಆದರೆ ಬಹಳ ವರ್ಷ ಆ ಹವಾ ಕುಡಿಯಲು ಬೀದಿಯಲ್ಲಿ ಜನ ಇರಲಿಲ್ಲ. 1950ರ ದಶಕದಲ್ಲಿ ಆಚೀಚೆ ಊರುಗಳಲ್ಲಿ ಸ್ಟ್ಯಾನ್‌ಫರ್ಡ್, ಹಿಲ್ಸ್‌ಡೇಲ್ ಅಂತ ದೊಡ್ಡ ಶಾಪಿಂಗ್ ಸೆಂಟರ್‌ಗಳು ಎದ್ದವು, ಸುತ್ತ ಮೈದಾನದಂಥ ಪುಕ್ಕಟೆ ಪಾರ್ಕಿಂಗ್, ಕಾರಿದ್ದವರೆಲ್ಲ ಅತ್ತ ಹೋದರು, ಇಲ್ಲಿ ಸಂಜೆ ಆರಕ್ಕೆ ಬೀದಿ ಭಣಗುಟ್ಟಲು ಶುರುವಾಯಿತು. ಜನ ಊರಿಗೆ ಡೆಡ್‌ವುಡ್ ಸಿಟಿ ಅಂತ ಹೆಸರಿಟ್ಟು ನಕ್ಕರು. ಒಣಕಲು ಮರದ ಊರು!

ಅಲ್ಲಿದ್ದ ಒಳ್ಳೇ ಆಸ್ತಿಗಳನ್ನೂ ಊರು ತಾನೇ ಮುಚ್ಚಿಟ್ಟುಕೊಂಡಿತ್ತು. 1910ರ ಹಳೇ ಕೋರ್ಟು ಕಟ್ಟಡ ಒಂದಿದೆ, ಒಳಗೆ ನಿಂತು ತಲೆ ಎತ್ತಿದರೆ ಬಣ್ಣದ ಗಾಜಿನ ಗುಮ್ಮಟ, ಕತ್ತು ನೋಯುವ ತನಕ ನೋಡಬಹುದು. 1906ರ ಭೂಕಂಪದಲ್ಲಿ ಇದಕ್ಕೂ ಮೊದಲಿನ ಕಟ್ಟಡ ಕುಸಿದಾಗ ಉಳಿದದ್ದು ಆ ಗುಮ್ಮಟ. ಅಂಥದ್ದರ ಮುಖಕ್ಕೇ ಅಡ್ಡಲಾಗಿ 1939ರಲ್ಲಿ ಇನ್ನೊಂದು ಆಫೀಸು ಕಟ್ಟಿದ್ದರು. ಹೆಬ್ಬಾಗಿಲಿನ ಮುಂದೆ ಶೆಡ್ಡು ಹಾಕಿದ ಹಾಗೆ. ಎದುರಿಗೆ 1929ರ ಫಾಕ್ಸ್ ಥಿಯೇಟರ್, ಒಂದೇ ತೆರೆಯ ದೊಡ್ಡ ಟಾಕೀಸು. ನಮ್ಮೂರ ಟಾಕೀಸಿನ ಅಣ್ಣ ಅಂದುಕೋ.

2006ರಲ್ಲಿ ಇಲ್ಲಿಗೆ ಸಿನಿಮಾ ಸಂಕೀರ್ಣ ಬಂತು. ಒಂದಲ್ಲ ಎರಡಲ್ಲ, 20 ತೆರೆ! ಬೀದಿ ಮಟ್ಟದಲ್ಲಿ ಅಂಗಡಿ ಹೋಟೆಲು, ನೆಲದಡಿ ಪಾರ್ಕಿಂಗ್. ನಗರಾಡಳಿತವೇ ಮುಂದೆ ನಿಂತು ಮಾಡಿಸಿದ್ದು. ಆಗ ಕ್ಯಾಲಿಫೋರ್ನಿಯಾದಲ್ಲಿ ರೀಡೆವಲಪ್‌ಮೆಂಟ್ ಏಜೆನ್ಸಿ ಅಂತ ಒಂದು ವ್ಯವಸ್ಥೆ ಇತ್ತು. ಬಡಕಲಾದ ಒಂದು ಭಾಗವನ್ನು ಗುರುತು ಮಾಡುವುದು, ಮುಂದೆ ಅಲ್ಲಿ ಆಸ್ತಿ ತೆರಿಗೆ ಏರಿದರೆ ಏರಿದ ಪಾಲನ್ನು ಅಲ್ಲಿಗೇ ಸುರಿಯುವುದು. ನಾಳೆಯ ಸಂಬಳ ನಂಬಿ ಇವತ್ತು ಮನೆ ಕಟ್ಟಿದ ಲೆಕ್ಕ. ಶಾಲೆಗೆ, ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಹೋಗಬೇಕಾದ ದುಡ್ಡು ತಿರುಗಿಸುತ್ತಾರೆ ಅಂತ ಜಗಳ ಇದ್ದೇ ಇತ್ತು. 2012ರಲ್ಲಿ ರಾಜ್ಯವೇ ಆ ಏಜೆನ್ಸಿಗಳನ್ನೆಲ್ಲ ಮುಚ್ಚಿಸಿತು.

ಈಗ ನಾನು ಮೊದಲು ಹೋದ ದಿನದ ಕತೆ ಕೇಳು. ಬೇಸಿಗೆಯ ಶುಕ್ರವಾರ. ಕಾರು ನಿಲ್ಲಿಸಲು ಬ್ರಾಡ್‌ವೇ ಸುತ್ತಿದೆ, ಸುತ್ತಿದೆ, ನಾಲ್ಕು ಸಲ ಸುತ್ತಿದೆ, ಹೆಂಡತಿ ಬೈಯಲು ಶುರು ಮಾಡಿದಳು, ಪುಕ್ಕಟೆ ಜಾಗ ಸಿಗದೆ ಬಿಡಲ್ಲ ಅನ್ನುವ ನಮ್ಮ ಹಟ ಗೊತ್ತಲ್ಲ. ಕೊನೆಗೆ ಎರಡು ಬೀದಿ ಆಚೆ ನಿಲ್ಲಿಸಿದರೆ ಮೀಟರಿನಲ್ಲಿ ದರ ಕಡಿಮೆ! ಇದು ಸುಮ್ನೆ ಆದದ್ದಲ್ಲ. ಡೊನಾಲ್ಡ್ ಶೂಪ್ ಅಂತ ಲಾಸ್ ಏಂಜಲೀಸಿನ ಪ್ರೊಫೆಸರು ಒಬ್ಬರಿದ್ದರು, 2025ರಲ್ಲಿ ತೀರಿಕೊಂಡರು, ಪಾರ್ಕಿಂಗ್ ವಿಷಯವೇ ಅವರ ಜೀವನದ ಕೆಲಸವಾಗಿತ್ತು. ಯಾವ ಬೀದಿಯಲ್ಲೂ ನೂರಕ್ಕೆ 85 ಜಾಗ ತುಂಬಿರಬೇಕು, 15 ಖಾಲಿ ಇರಬೇಕು, ಹಾಗೆ ಆಗುವಷ್ಟು ದರ ಇಡಿ ಅನ್ನುವುದು ಅವರ ವಾದವಾಗಿತ್ತು. 2005ರಲ್ಲಿ ಈ ಊರು ಅದನ್ನೇ ಕಾನೂನು ಮಾಡಿಕೊಂಡಿತು. ಮುಖ್ಯ ಬೀದಿಗೆ ಜಾಸ್ತಿ, ದೂರ ಹೋದಷ್ಟು ಅಗ್ಗ. ಅಂಗಡಿ ಬಾಗಿಲಲ್ಲೇ ನಿಲ್ಲಿಸುವವನು ಕೊಡಲಿ, ನನ್ನಂಥ ಜಿಪುಣ ನಡೆಯಲಿ. ನಡೆದೆವು. ನಡೆಯುವಾಗ ಕಂಡ ಅಂಗಡಿಯಲ್ಲಿ ಐಸ್‌ಕ್ರೀಮು ಕೊಂಡೆವು. ನೋಡಿದೆಯಾ, ಉಳಿಸಿದ ಕಾಸು ಎಲ್ಲಿಗೆ ಹೋಯಿತು ಅಂತ!

ಸಿನಿಮಾ ಏನೋ ಒಂದು, ಹೆಸರೂ ನೆನಪಿಲ್ಲ. ನೆನಪಿರುವುದು ಹೊರಗೆ ಬಂದದ್ದು. ಥಿಯೇಟರಿನಿಂದ ಹೊರಬಿದ್ದರೆ ನೇರ ಬೀದಿ. ನಮ್ಮ ಮಾಲುಗಳ ಹಾಗೆ ಎಸ್ಕಲೇಟರಿನಲ್ಲಿ ಫುಡ್ ಕೋರ್ಟಿಗೆ ಇಳಿಸಿ, ಅಲ್ಲಿಂದ ಬೇಸ್‌ಮೆಂಟಿಗೆ ದಬ್ಬಿ, ಊರಿನ ಮುಖವನ್ನೇ ತೋರಿಸದೆ ಮನೆಗೆ ಕಳಿಸುವ ಕೆಲಸ ಇಲ್ಲಿಲ್ಲ. ಹೊಟ್ಟೆ ಹಸಿದರೆ ಬೀದಿಗೇ ಬರಬೇಕು. ನಾಲ್ಕು ಹೆಜ್ಜೆ ಹಾಕಿದರೆ ಕೋರ್ಟಿನ ಮುಂದಿನ ಚೌಕ. ಆ ಅಡ್ಡ ಕಟ್ಟಡವನ್ನು ಕೆಡವಿ ಅಲ್ಲೇ ಚೌಕ ಮಾಡಿದ್ದಾರೆ. ಆವತ್ತು ಅಲ್ಲೊಂದು ಬ್ಯಾಂಡು ನುಡಿಸುತ್ತಿತ್ತು. ಟೋಪಿ ಹಾಕಿದ ಅಜ್ಜ ಒಬ್ಬರು ಅಜ್ಜಿಯ ಕೈ ಹಿಡಿದು ಕುಣಿಯುತ್ತಿದ್ದರು, ಹಾಡು ಮುಗಿದರೂ ಕೈ ಬಿಡಲಿಲ್ಲ. ಟಿಕೆಟ್ಟು ಗಿಕೆಟ್ಟು ಏನಿಲ್ಲ. ನಮ್ಮ ಮಗಳು ಕಾರಂಜಿಯ ನೀರಿಗೆ ಕೈ ಹಾಕಿ ಅಂಗಿಯೆಲ್ಲ ನೆನೆಸಿಕೊಂಡಳು.

ಆದ್ದರಿಂದ ನನಗನ್ನಿಸುವುದು, ಸಿನಿಮಾ ಗಾಳಕ್ಕೆ ಸಿಕ್ಕಿಸಿದ ಎರೆಹುಳ ಅಷ್ಟೇ. ಮೀನು ನಿಂತದ್ದು ಬೇರೆಯದಕ್ಕೆ. ಕ್ಯಾಲ್‌ಟ್ರೇನ್ ಅನ್ನುವ ಲೋಕಲ್ ರೈಲಿನ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ. 2011ರಲ್ಲಿ ಪೇಟೆಗೇ ಅಂತ ಒಂದು ಯೋಜನೆ ಮಾಡಿ ಅಲ್ಲೇ 2,500 ಮನೆ ಕಟ್ಟಲು ಅವಕಾಶ ಕೊಟ್ಟರು. ನಿಲ್ದಾಣದ ಪಕ್ಕಕ್ಕೆ ಬಾಕ್ಸ್ ಅನ್ನುವ ಸಾಫ್ಟ್‌ವೇರ್ ಕಂಪನಿ ಬಂತು. 2020ರ ಮಾರ್ಚಿನಲ್ಲಿ ಕೋವಿಡ್ಡಿಗೆ ಅಷ್ಟೂ ತೆರೆಗಳು ಕತ್ತಲಾದವಲ್ಲ, ಆಮೇಲೆ ಬೀದಿಯಲ್ಲಿ ಮೇಜು ಹಾಕಿದಾಗ ಬಂದು ಕೂತವರಲ್ಲಿ ಅಲ್ಲೇ ಮೇಲ್ಗಡೆ ಮನೆ ಮಾಡಿಕೊಂಡವರೇ ಜಾಸ್ತಿ ಅನ್ನಿಸಿತು ನನಗೆ. ಬರೀ ಸಿನಿಮಾ ನಂಬಿದ್ದರೆ ಒಣಕಲು ಮರವೇ ಗತಿಯಾಗುತ್ತಿತ್ತು.

ಎಲ್ಲ ಚಂದ ಅಂತ ತಿಳಿಯಬೇಡ. ಇಲ್ಲಿ ಮೆಕ್ಸಿಕೊದ ಮಿಚೊಆಕಾನ್ ಕಡೆಯ ಜನ ತಲೆಮಾರುಗಳಿಂದ ಇದ್ದಾರೆ. ನಾನು ಕೂದಲು ಕತ್ತರಿಸಿಕೊಳ್ಳುವ ಅಂಗಡಿಯವನೂ ಆ ಕಡೆಯವನೇ. ಬೀದಿ ಚಂದ ಆದ ಮೇಲೆ ಬಾಡಿಗೆ ಕಟ್ಟಲಾಗದೆ ಅಂಗಡಿ ಆಚೆಗೆ ಸರಿಸಿದ, ಮನೆಯನ್ನೂ. ಈಗ ದಿನಾ ಒಂದೂವರೆ ಗಂಟೆ ಓಡಾಡುತ್ತಾನೆ. ಕತ್ತರಿ ಆಡಿಸುತ್ತಾ ಸಿಟ್ಟಿಲ್ಲದೆ ಹೇಳಿದ ಅದನ್ನು. ಕೇಳಲು ನನಗೇ ಕಷ್ಟವಾಯಿತು.

ಇನ್ನೊಂದು ತಮಾಷೆ. ಇಷ್ಟೊಂದು ತೆರೆ ಇದ್ದರೂ ಕನ್ನಡ ಸಿನಿಮಾಕ್ಕೆ ನಾವು ಡಂಬಾರ್ಟನ್ ಸೇತುವೆ ದಾಟಿ ಫ್ರೀಮಾಂಟ್ ಕಡೆಗೇ ಹೋಗುವುದು.

ಅದಿರಲಿ. ನಮ್ಮೂರ ಆ ಜಾಗದ ನಕ್ಷೆ ಯಾರ ಹತ್ತಿರವಾದರೂ ಸಿಕ್ಕರೆ ಒಂದು ಫೋಟೋ ಹೊಡೆದು ಕಳಿಸು. ಬಾಗಿಲು ಯಾವ ಕಡೆಗೆ ಇಡುತ್ತಾರೆ ನೋಡಬೇಕು. ಸಂತೆ ಬೀದಿಗೋ, ಬೈಪಾಸಿಗೋ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ