ಪಿಯು ಕಾಲೇಜಿಗೆ ಸೇರಲಿರುವ ಹಾಕಿ ಆಟಗಾರ್ತಿಯರ ಪೋಷಕರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ.

1997ರಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭವಾದ ನಮ್ಮ ಕೊಡಗಿನಲ್ಲಿ ಸ್ಟಿಕ್ ಹಿಡಿದು ಬೆಳೆದ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಆದರೆ ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಕಾಲೇಜನ್ನು ಆರಿಸುವಾಗ ಅಂಕ, ಶುಲ್ಕ ಮತ್ತು ಬಸ್ಸಿನ ಅನುಕೂಲಗಳನ್ನಷ್ಟೇ ನೋಡಿ, ಅಲ್ಲಿ ಹುಡುಗಿಯರ ತಂಡವಿದೆಯೇ ಎಂದು ವಿಚಾರಿಸದೆ ಇರುವುದರಿಂದ ಎಷ್ಟೋ ಒಳ್ಳೆಯ ಆಟಗಾರ್ತಿಯರು ಮೈದಾನದಿಂದ ದೂರವಾಗಿರುವುದನ್ನು ಕಂಡು ನನಗೆ ಬಹಳ ನೋವಾಗಿದೆ.

ಪ್ರವೇಶಕ್ಕೆ ಮುನ್ನ ದಯವಿಟ್ಟು ಕಾಲೇಜಿನ ದೈಹಿಕ ಶಿಕ್ಷಣ ಉಪನ್ಯಾಸಕರನ್ನು ಖುದ್ದಾಗಿ ಭೇಟಿಯಾಗಿ, ಹನ್ನೊಂದು ಮಂದಿಯ ತಂಡ ಕಟ್ಟುವಷ್ಟು ಹುಡುಗಿಯರಿದ್ದಾರೆಯೇ, ಗೋಲ್‌ಕೀಪರ್‌ಗೆ ಪ್ಯಾಡ್ ಹಾಗೂ ಹೆಲ್ಮೆಟ್ ಒದಗಿಸುತ್ತಾರೆಯೇ, ವಾರದಲ್ಲಿ ಕೆಲವು ದಿನವಾದರೂ ಟರ್ಫ್ (ಕೃತಕ ಹುಲ್ಲಿನ ಮೈದಾನ) ಮೇಲೆ ಅಭ್ಯಾಸಕ್ಕೆ ಅವಕಾಶವಿದೆಯೇ ಎಂದು ಕೇಳಿರಿ. ಮಣ್ಣಿನ ಮೈದಾನಕ್ಕೆ ಒಗ್ಗಿದ ಕಾಲಿಗೆ ಟರ್ಫ್‌ನಲ್ಲಿ ಚೆಂಡಿನ ವೇಗ ಹೊಸದಾಗಿರುತ್ತದೆ. ಹದಿನೈದು ನಿಮಿಷಗಳ ನಾಲ್ಕು ಕ್ವಾರ್ಟರ್ ಓಡುವ ದಮ್ಮು ರಜೆಯಲ್ಲಿ ಕುಳಿತರೆ ಬರುವುದಿಲ್ಲ.

ಪಿಯು ವಿದ್ಯಾರ್ಥಿನಿಯರು 19 ವರ್ಷದೊಳಗಿನವರ ವಿಭಾಗದಲ್ಲಿ ಆಡುತ್ತಾರೆ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳ ಅವಕಾಶ ಪದವಿಗೆ ಸೇರಿದ ನಂತರವೇ ದೊರೆಯುತ್ತದೆ. ಜಿಲ್ಲಾ ಮತ್ತು ರಾಜ್ಯ ಮಟ್ಟದ ಪ್ರಮಾಣಪತ್ರಗಳ ಮೂಲ ಪ್ರತಿಗಳನ್ನು ಯಾರಿಗೂ ಬಿಟ್ಟುಕೊಡದೆ ಜೋಪಾನವಾಗಿಡಿ.

ಮಗಳು ಯಾವ ಕಾಲೇಜಿಗೆ ಸೇರುತ್ತಾಳೆಂಬುದನ್ನು ಈ ಭಾನುವಾರದೊಳಗೆ ಇಲ್ಲಿ ತಿಳಿಸಿದರೆ, ಒಂದೇ ಕಾಲೇಜಿಗೆ ಹೋಗುವವರನ್ನು ಪರಸ್ಪರ ಪರಿಚಯಿಸುತ್ತೇನೆ.