ಸೋಲೇ ಗೊತ್ತಿಲ್ಲದ ಹೀರೋ, ಹತ್ತು ಸೆಕೆಂಡ್ ಮುಂದೆ ಓಡಿಸುವ ಹುಡುಗ

ಮಾನ್ಯ ಸಂಪಾದಕರೇ,

ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳ ಹೀರೋಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಯಾರು ಯಾರನ್ನು ಹೊಡೆದುಹಾಕಬಲ್ಲರು ಅನ್ನುವ ಲೆಕ್ಕವೇ ಅದರಲ್ಲಿ ಜಾಸ್ತಿ ಇತ್ತು. ನನ್ನ ತಕರಾರು ಇರುವುದು ಅಲ್ಲೇ.

ಮೊನ್ನೆ ರಾತ್ರಿ ನಮ್ಮ ಅಕ್ಕನ ಮಗ, ಪಿಯುಸಿ ಹುಡುಗ, ಊಟಕ್ಕೆ ಕೂತು ಫೋನನ್ನು ನೀರಿನ ಚೊಂಬಿಗೆ ಒರಗಿಸಿಕೊಂಡು ‘ಸೋಲೋ ಲೆವೆಲಿಂಗ್’ ನೋಡುತ್ತಿದ್ದ. ಫೈಟ್ ಶುರುವಾಯಿತು. ಹುಡುಗ ಎಡಗೈ ಬೆರಳಲ್ಲಿ ಸ್ಕ್ರೀನನ್ನು ಟಪಟಪ ಕುಟ್ಟಿ ಹತ್ತು ಹತ್ತು ಸೆಕೆಂಡ್ ಮುಂದಕ್ಕೆ ಓಡಿಸಿದ. ಯಾಕೋ ಅಂದರೆ, "ಹೆಂಗಿದ್ರೂ ಅವ್ನೇ ಗೆಲ್ತಾನೆ ಬಿಡು ಮಾಮ" ಅಂದ. ಚಿತ್ರ ಬಿಡಿಸುವವರು ಬೆವರು ಸುರಿಸುವುದೇ ಆ ಫೈಟಿಗೆ. ಅದನ್ನೇ ಇವನು ಜಾಹೀರಾತಿನ ಹಾಗೆ ದಾಟಿಸಿಬಿಟ್ಟ!

ಇದೇ ಸರಣಿ 2024ರ ಜನವರಿಯಲ್ಲಿ ಶುರುವಾದಾಗ ಮೊದಲೆರಡು ಎಪಿಸೋಡಿಗೆ ಇದೇ ಹುಡುಗ ಊಟ ಮರೆತು ಕೂತಿದ್ದ. ಆಗ ಕತೆಯ ಹೀರೋ ಜಿನ್‌ವೂ ರಾಕ್ಷಸರನ್ನು ಕೊಲ್ಲುವ ಬೇಟೆಗಾರರಲ್ಲೆಲ್ಲ ಕೈಲಾಗದವನು. ಕೊಲ್ಲುವ ವಿಗ್ರಹಗಳಿರುವ ಒಂದು ಕೋಣೆಯಲ್ಲಿ ಕಾಲು ಕಳೆದುಕೊಂಡು, ಉಳಿದವರನ್ನು ಹೊರಗೆ ಕಳಿಸಿ ತಾನೊಬ್ಬನೇ ಉಳಿಯುತ್ತಾನೆ. ಆಮೇಲೆ ಬಲ ಬಂತು, ಏರುತ್ತಲೇ ಹೋಯಿತು. ಎರಡನೇ ಸೀಸನ್ನಿನಲ್ಲಿ ಕೊರಿಯಾದ ಜೇಜು ದ್ವೀಪಕ್ಕೆ ದೇಶದ ದೊಡ್ಡ ದೊಡ್ಡ ಬೇಟೆಗಾರರೇ ಹೋಗುತ್ತಾರೆ, ಇರುವೆ ರೂಪದ ರಾಕ್ಷಸರ ರಾಜನ ಕೈಯಲ್ಲಿ ಒದೆ ತಿಂದು ಬೀಳುತ್ತಾರೆ, ಕೊನೆಗೆ ಇವನು ಬಂದು ಮುಗಿಸುತ್ತಾನೆ. ಸಾಲದ್ದಕ್ಕೆ ಸತ್ತ ರಾಜನನ್ನು ಎಬ್ಬಿಸಿ ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಾನೆ. ಶತ್ರು ಎಷ್ಟು ದೊಡ್ಡವನೋ ಇವನಿಗೆ ಅಷ್ಟು ಲಾಭ ಅಂತಾದ ಮೇಲೆ ಭಯ ಎಲ್ಲಿಂದ ಬರಬೇಕು ಹೇಳಿ? ಇವನ ಬಲದ ಅಳತೆ ನಮಗೆ ತಿಳಿಯಲಿ ಅಂತ ಪಾಪ ಉಳಿದವರೆಲ್ಲ ಏಟು ತಿನ್ನಬೇಕು. ನನ್ನ ಕೇಳಿದರೆ ಆ ಸೀಸನ್ನಿನಲ್ಲಿ ನೆನಪಿನಲ್ಲಿ ಉಳಿಯುವುದು ಯಾವ ಫೈಟೂ ಅಲ್ಲ, ವರ್ಷಗಟ್ಟಲೆ ನಿದ್ದೆಯಲ್ಲಿದ್ದ ಅಮ್ಮ ಕಣ್ಣು ಬಿಟ್ಟಾಗ ಅವನು ಅಳುವುದು.

ಬಲ ಇರುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. 2012ರ ‘ಸ್ವೋರ್ಡ್ ಆರ್ಟ್ ಆನ್‌ಲೈನ್’ ನೋಡಿ. ಹತ್ತು ಸಾವಿರ ಜನ ಒಂದು ಗೇಮಿನೊಳಗೆ ಸಿಕ್ಕಿಹಾಕಿಕೊಂಡಿದ್ದಾರೆ, ಅಲ್ಲಿ ಸತ್ತರೆ ನಿಜವಾಗಿಯೂ ಸತ್ತಂತೆ. ಮೂರನೇ ಎಪಿಸೋಡಿನಲ್ಲಿ ಹೀರೋ ಕಿರಿಟೊ ತನ್ನ ಲೆವೆಲ್, ಅಂದರೆ ಗೇಮಿನಲ್ಲಿ ಗಳಿಸಿದ ಬಲದ ಮಟ್ಟ, ಮುಚ್ಚಿಟ್ಟು ಒಂದು ಪುಟ್ಟ ಗುಂಪಿಗೆ ಸೇರುತ್ತಾನೆ. ಅವರಿಗಿಂತ ಎಷ್ಟೋ ಮುಂದಿದ್ದಾನೆ. ಒಂದು ದಿನ ಅವರು ಪೆಟ್ಟಿಗೆ ತೆರೆಯುತ್ತಾರೆ, ಅಲಾರಂ ಹೊಡೆದುಕೊಳ್ಳುತ್ತದೆ, ಬಾಗಿಲು ಮುಚ್ಚುತ್ತದೆ, ತಪ್ಪಿಸಿಕೊಳ್ಳುವ ಕ್ರಿಸ್ಟಲ್ ಕೆಲಸ ಮಾಡುವುದಿಲ್ಲ. ಕಿರಿಟೊಗೆ ಏನೂ ಆಗುವುದಿಲ್ಲ, ಆದರೆ ಸಾಚಿ ಅನ್ನುವ ಹೆದರುಪುಕ್ಕಲ ಹುಡುಗಿ ಅವನ ಕಣ್ಣೆದುರೇ ಸಾಯುತ್ತಾಳೆ. ಹೊರಗಿದ್ದ ಗುಂಪಿನ ನಾಯಕ ವಿಷಯ ತಿಳಿದು ಕೆಳಗೆ ಹಾರಿ ಪ್ರಾಣ ಬಿಡುತ್ತಾನೆ. ಬಲಶಾಲಿ ಆಗಿದ್ದಕ್ಕೇ, ಅದನ್ನು ಬಚ್ಚಿಟ್ಟಿದ್ದಕ್ಕೇ ಅವನಿಗೆ ಹೆಚ್ಚು ನೋವು.

ಮುಂದಿನ ಎಪಿಸೋಡಿನಲ್ಲಿ ಅದೇ ಕಿರಿಟೊ ದರೋಡೆ ಗುಂಪಿನೆದುರು ಸುಮ್ನೆ ನಿಂತು ಹೊಡೆಸಿಕೊಳ್ಳುತ್ತಾನೆ. ಆಮೇಲೆ ಲೆಕ್ಕ ಒಪ್ಪಿಸುತ್ತಾನೆ: ನೀವೆಲ್ಲ ಸೇರಿ ಹತ್ತು ಸೆಕೆಂಡಿಗೆ ನನ್ನ ಪ್ರಾಣದ ಪಾಯಿಂಟಿನಲ್ಲಿ 400 ಕಳೆಯುತ್ತೀರಿ, ನನ್ನ ಲೆವೆಲ್ 78, ಅಷ್ಟೇ ಹೊತ್ತಿನಲ್ಲಿ 600 ತಾನಾಗೇ ತುಂಬಿಕೊಳ್ಳುತ್ತದೆ. ಪಾಸ್‌ಬುಕ್ ಓದಿ ಹೇಳಿದ ಹಾಗಿದೆ! ಮೊದಲ ಸಲ ನೋಡಿದಾಗ ನಾನೂ ಶಿಳ್ಳೆ ಹಾಕಿದ್ದೆ, ಸುಳ್ಳು ಯಾಕೆ ಹೇಳಲಿ. ಎರಡನೇ ಸಲ ಆಕಳಿಕೆ ಬಂತು. ಸಾಚಿಯ ಎಪಿಸೋಡನ್ನು ಇನ್ನೊಮ್ಮೆ ನೋಡಲು ಇವತ್ತಿಗೂ ಧೈರ್ಯ ಬರುವುದಿಲ್ಲ.

ನಿಮ್ಮ ಲೇಖಕರು ಎಲ್ಲರಿಗಿಂತ ಮೇಲೆ ಇಟ್ಟಿರುವುದು ‘ಒನ್ ಪಂಚ್ ಮ್ಯಾನ್’ನ ಸೈಟಾಮಾನನ್ನು. ಒಂದೇ ಗುದ್ದಿಗೆ ಎಲ್ಲ ಮುಗಿಯುತ್ತದೆ ಅಂತ ಹೊಗಳಿದ್ದಾರೆ, ಸರಿ. ಆದರೆ ಆ ಕತೆಗೆ ಅದು ಹೆಮ್ಮೆಯಲ್ಲ, ತಮಾಷೆ. ಸೈಟಾಮಾಗೇ ಬೇಜಾರು ಬಂದುಬಿಟ್ಟಿದೆ, ಜಗಳಕ್ಕಿಂತ ಅಂಗಡಿಯ ರಿಯಾಯಿತಿ ದಿನ ತಪ್ಪಿಹೋಯಿತು ಅನ್ನುವುದೇ ಅವನ ಚಿಂತೆ. ಕತೆ ಬರೆದವರಿಗೆ ಇದು ಗೊತ್ತಿತ್ತು. ಅದಕ್ಕೇ ಸಮುದ್ರದಿಂದ ಎದ್ದುಬಂದ ರಾಕ್ಷಸನ ಮುಂದೆ ಸೈಟಾಮಾ ಬರುವ ಮೊದಲು ಅವರು ನಿಲ್ಲಿಸಿದ್ದು ಸೈಕಲ್ಲಿನಲ್ಲಿ ಬರುವ ಮುಮೆನ್ ರೈಡರನ್ನು. ಸಿ ದರ್ಜೆಯ, ಅಂದರೆ ಕೊನೆಯ ದರ್ಜೆಯ ಹೀರೋ. ನನ್ನಿಂದ ಆಗಲ್ಲ ಅಂತ ಅವನೇ ಒಪ್ಪಿಕೊಳ್ಳುತ್ತಾನೆ. ಮಳೆಯಲ್ಲಿ ಬಿದ್ದು, ಎದ್ದು, ಮತ್ತೆ ಗುದ್ದಲು ಹೋಗುತ್ತಾನೆ. ಸೈಟಾಮಾ ಬರುವ ಹೊತ್ತಿಗೆ ನೋಡುವವರ ಗಂಟಲು ಆಗಲೇ ಕಟ್ಟಿರುತ್ತದೆ. ರಾಕ್ಷಸ ಸತ್ತ ಮೇಲೆ ಜನರಲ್ಲೊಬ್ಬ ಸೋತ ಹೀರೋಗಳನ್ನು ಹೀಯಾಳಿಸುತ್ತಾನೆ. ಆಗ ಸೈಟಾಮಾ, ಅವರೆಲ್ಲ ಮೊದಲೇ ಹೊಡೆದು ಸುಸ್ತು ಮಾಡಿದ್ದರು, ನನಗೆ ಕೆಲಸ ಸಲೀಸಾಯಿತು ಅಂತ ಸುಳ್ಳು ಹೇಳಿ ಕೆಟ್ಟ ಹೆಸರನ್ನು ತನ್ನ ಮೇಲೆ ಎಳೆದುಕೊಳ್ಳುತ್ತಾನೆ.

ನಿಮ್ಮ ಬರಹವನ್ನು ಎರಡು ಸಲ ಹುಡುಕಿದೆ, ಮುಮೆನ್ ರೈಡರ್ ಹೆಸರು ಎಲ್ಲೂ ಸಿಗಲಿಲ್ಲ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ