ನೀರು ಬಾರದ, ಐಸು ಬೀಳದ ಫ್ರಿಡ್ಜ್ ಬಗ್ಗೆ ದೂರು

ಕುವೆಂಪುನಗರ, ಮೈಸೂರು
27 ಅಕ್ಟೋಬರ್ 2025

ಇವರಿಗೆ,
ವ್ಯವಸ್ಥಾಪಕರು,
ನಾವು ಫ್ರಿಡ್ಜ್ ಕೊಂಡ ಮಳಿಗೆ, ಮೈಸೂರು

ವಿಷಯ: ಸೆಪ್ಟೆಂಬರ್ 14ರಂದು ಕೊಂಡ ದೊಡ್ಡ ಫ್ರಿಡ್ಜನ್ನು ಬದಲಿಸಿಕೊಡುವ ಬಗ್ಗೆ

ಮಾನ್ಯರೇ,

ದಸರಾ ಆಫರ್ ಇದೆ ಎಂದು ನಿಮ್ಮಲ್ಲಿಗೆ ಬಂದು, 92,000 ರೂಪಾಯಿ ಕೊಟ್ಟು, ಅಕ್ಕಪಕ್ಕ ಎರಡು ಬಾಗಿಲಿರುವ ಸೈಡ್ ಬೈ ಸೈಡ್ ಫ್ರಿಡ್ಜ್ ಕೊಂಡೆವು. ಬಾಗಿಲಲ್ಲೇ ತಣ್ಣೀರು, ಐಸು ಎರಡೂ ಬರುವ ಮಾಡೆಲ್. ಆರು ವಾರ ಆಯಿತು. ಒಂದು ಲೋಟ ನೀರು ತುಂಬಲು ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಐಸು ಬೀಳುವುದೇ ಅಪರೂಪ. ಬಿದ್ದರೂ ಒಳಗೆ ಪೊಳ್ಳು, ಪಾನಕಕ್ಕೆ ಹಾಕಿದರೆ ಕಲಕುವಷ್ಟರಲ್ಲಿ ಕರಗಿಹೋಗುತ್ತದೆ.

ಕಂಪನಿಯ ಮೆಕ್ಯಾನಿಕ್ ಎರಡು ಸಲ ಬಂದು ನೋಡಿದರು. "ಫ್ರಿಡ್ಜ್‌ನಲ್ಲಿ ಏನೂ ತೊಂದರೆ ಇಲ್ಲ ಮೇಡಂ, ನಿಮ್ಮನೆ ನೀರಿಗೆ ಪ್ರೆಶರ್ ಇಲ್ಲ" ಎಂದರು. ಅವರ ಮಾತು ನಿಜವೇ. ಅದಕ್ಕೇ ಈ ಪತ್ರ ಕಂಪನಿಗಲ್ಲ, ನಿಮಗೆ.

ಅವತ್ತು ನಿಮ್ಮ ಮಳಿಗೆಯಲ್ಲಿ ನಾವು ಎರಡು ಫ್ರಿಡ್ಜ್ ನೋಡಿದ್ದೆವು. ಮೊದಲನೆಯದು 78,500 ರೂಪಾಯಿಯದು. ಅದರೊಳಗೇ ಒಂದು ಸಣ್ಣ ನೀರಿನ ಟ್ಯಾಂಕ್ ಇತ್ತು, ನಾವೇ ತುಂಬಿಸಿಕೊಳ್ಳಬೇಕು. ಐಸಿಗೆ ಕೈಯಲ್ಲಿ ತಿರುಗಿಸುವ ಟ್ರೇ. ನಮ್ಮ ಯಜಮಾನರಿಗೆ ಅದೇ ಹಿಡಿಸಿತ್ತು. ನಿಮ್ಮ ಸೇಲ್ಸ್ ಹುಡುಗ ಬಿಡಬೇಕಲ್ಲ. "ದಿನಾ ಯಾರು ಸಾರ್ ನೀರು ತುಂಬ್ಕೊಂಡು ಕೂರ್ತಾರೆ? ಇದಕ್ಕಾದ್ರೆ ಒಂದು ಪೈಪ್ ಕೊಟ್ರೆ ಮುಗೀತು" ಎಂದು ಪಕ್ಕದ್ದನ್ನು ತೋರಿಸಿದ. ನಾನು ಒಂದಲ್ಲ ಎರಡು ಸಲ ಕೇಳಿದೆ, "ನಮ್ದು ತಾರಸಿ ಮೇಲಿನ ಟ್ಯಾಂಕ್ ನೀರಪ್ಪ, ಆಗುತ್ತಾ?" ಅಂತ. "ಎಲ್ಲಾ ಮನೆಗೂ ಆಗುತ್ತೆ ಮೇಡಂ" ಎಂದ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಎಂದು ಅವನೂ ಕೇಳಲಿಲ್ಲ, ಬಿಲ್ ಬರೆದವರೂ ಕೇಳಲಿಲ್ಲ.

ಫ್ರಿಡ್ಜ್ ಜೊತೆ ಬಂದ ಪುಸ್ತಕದಲ್ಲಿ ನೀರಿಗೆ ಕನಿಷ್ಠ 20 ಪಿಎಸ್‌ಐ ಒತ್ತಡ ಬೇಕು ಎಂದಿದೆ. ಪಿಎಸ್‌ಐ ಅಂದರೆ ಒತ್ತಡ ಅಳೆಯುವ ಮಾನ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು, ಲೆಕ್ಕ ಹಾಕದೆ ಸುಮ್ನೆ ಇರುತ್ತಾರಾ? ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು 14 ಪಿಎಸ್‌ಐ ಒತ್ತಡ ಸಿಗುತ್ತದಂತೆ. 20 ಬೇಕೆಂದರೆ ಟ್ಯಾಂಕ್ 14 ಮೀಟರ್ ಮೇಲಿರಬೇಕು. ಅಂದರೆ ನಾಲ್ಕು ಮಹಡಿ ಕಟ್ಟಬೇಕು! ನಮ್ಮದು ನೆಲಮಹಡಿಯ ಮನೆ. ಟ್ಯಾಂಕ್ ಇರುವುದು ಫ್ರಿಡ್ಜಿನ ನಲ್ಲಿಯಿಂದ ನಾಲ್ಕು ಮೀಟರ್ ಮೇಲೆ. ಆರು ಪಿಎಸ್‌ಐ ಕೂಡ ದಾಟುವುದಿಲ್ಲ. ಕಾವೇರಿ ನೀರು ನೆಲದಡಿಯ ತೊಟ್ಟಿಗೆ ಬಿಟ್ಟುಕೊಂಡು, ಮೋಟರ್ ಹಾಕಿ ಮೇಲಕ್ಕೆ ಹತ್ತಿಸಿ, ಅಲ್ಲಿಂದ ಇಳಿಸಿಕೊಳ್ಳುವ ಮನೆಗಳು ಈ ಊರಲ್ಲಿ ನಮ್ಮದೊಂದೇನಾ? ಮೈಸೂರಲ್ಲೇ ಅಂಗಡಿ ಇಟ್ಟವರಿಗೆ ಇದು ಗೊತ್ತಿರಬೇಕು, ಅಲ್ವಾ?

ಇನ್ನು ಅದು ನಿಂತಿರುವ ಜಾಗ. ಫ್ರಿಡ್ಜ್ ಅಗಲ 91 ಸೆಂಟಿಮೀಟರ್, ಅಡುಗೆಮನೆ ಬಾಗಿಲು 75. ತಂದು ಇಳಿಸಿದ ಹುಡುಗರು ಟೇಪು ಹಿಡಿದು ನೋಡಿ, "ಫ್ರಿಡ್ಜ್ ಬಾಗಿಲು ಕಳಚೋದು ನಮ್ಮ ಕೆಲಸ ಅಲ್ಲ" ಎಂದು ಹಾಲ್‌ನಲ್ಲೇ ಬಿಟ್ಟು ಹೊರಟರು. ನವರಾತ್ರಿಗೆ ಪ್ರತಿ ವರ್ಷ ಗೊಂಬೆ ಕೂರಿಸುವ ಮೂಲೆಯದು. ಈ ಸಲ ಪಟ್ಟದ ಗೊಂಬೆಗಳು ಪಕ್ಕಕ್ಕೆ ಸರಿದವು, ಪಟ್ಟ ಫ್ರಿಡ್ಜಿಗಾಯಿತು. ಗೊಂಬೆ ನೋಡಲು ಬಂದವರೆಲ್ಲ ಮೊದಲು ಅದರ ಬೆಲೆ ಕೇಳಿದರು. ಅಲ್ಲಿಗೆ ನೀರಿನ ಪೈಪು ತರಲೆಂದು ಗೋಡೆಗೆ ತೂತು ಹೊಡೆಯಬೇಕಾಯಿತು. ಕಾಲು ಇಂಚಿನ ಪೈಪು, ಏಳು ಮೀಟರ್ ಉದ್ದ. ಮೊದಲೇ ಇಲ್ಲದ ಒತ್ತಡ ಅದರಲ್ಲಿ ಇನ್ನಷ್ಟು ಇಳಿಯಿತು.

ಒಳಗೇ ಫಿಲ್ಟರ್ ಇದೆ, ಇನ್ನು ನೀರು ಶುದ್ಧ ಮಾಡುವ ಆರ್‌ಒ ಬೇಕಾಗಿಲ್ಲ ಎಂದೂ ನಿಮ್ಮ ಹುಡುಗ ಹೇಳಿದ್ದ. ಇರುವುದು ಕಾರ್ಬನ್ ಫಿಲ್ಟರ್. ಕ್ಲೋರಿನ್ ವಾಸನೆ ತೆಗೆಯುತ್ತದೆ, ನೀರಿನ ಗಡಸು ತೆಗೆಯುವುದಿಲ್ಲ. ಕಾವೇರಿ ನೀರು ಸಾಲದ ದಿನ ನಾವು ಬೋರ್‌ವೆಲ್ ನೀರು ಬಿಟ್ಟುಕೊಳ್ಳುತ್ತೇವೆ. ಆಗ ಐಸು ಕರಗಿದ ಲೋಟದ ತಳದಲ್ಲಿ ಬಿಳಿ ಪುಡಿ. ಆರು ತಿಂಗಳಿಗೊಮ್ಮೆ ಫಿಲ್ಟರ್ ಬದಲಿಸಬೇಕು ಎನ್ನುವುದೂ ಮೆಕ್ಯಾನಿಕ್ ಬಾಯಿಂದಲೇ ನಮಗೆ ಗೊತ್ತಾದದ್ದು.

ಒಂದು ಮಾತು ಒಪ್ಪಿಕೊಳ್ಳಬೇಕು. ದೋಸೆ ಹಿಟ್ಟಿನ ದೊಡ್ಡ ಪಾತ್ರೆ ಈ ಫ್ರಿಡ್ಜಿನ ಯಾವ ಅರೆಯಲ್ಲೂ ಕೂರುವುದಿಲ್ಲ. ಹೊರಗಿನಿಂದ ಅಷ್ಟಗಲ ಕಂಡರೂ ಉದ್ದಕ್ಕೆ ಎರಡು ಭಾಗ ಮಾಡಿರುವುದರಿಂದ ಒಳಗೆ ಇಕ್ಕಟ್ಟು. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಪಾತ್ರೆ ಅಳೆದುಕೊಂಡು ಬರಬೇಕಿತ್ತು, ನನ್ನದೇ ತಪ್ಪು. ನೀರಿನ ವಿಷಯ ಹಾಗಲ್ಲ. ಕೇಳಿಯೇ ಕೊಂಡಿದ್ದೇವೆ.

ಫೋನ್ ಮಾಡಿದರೆ ನಿಮ್ಮವರು ಕೊಡುವ ಉತ್ತರ ಒಂದೇ, "ಬೂಸ್ಟರ್ ಪಂಪ್ ಹಾಕಿಸ್ಕೊಳ್ಳಿ." ನೀರಿನ ಒತ್ತಡ ಹೆಚ್ಚಿಸುವ ಆ ಪಂಪಿನ ದುಡ್ಡು ನಾವೇ ಕೊಡಬೇಕಂತೆ. ಲೋಟ ನೀರಿಗೆ ಒಂದು ಪಂಪು, ಅದಕ್ಕೊಂದು ಸ್ವಿಚ್ಚು, ಹಾಲ್‌ನಲ್ಲಿ ಅದರ ಗುಂಯ್ ಸದ್ದು. ನಮಗೆ ಬೇಡ. ನಮ್ಮ ಅತ್ತೆಯಂತೂ ಮೊದಲ ದಿನದಿಂದ ಮಣ್ಣಿನ ಹೂಜಿ ಬಿಟ್ಟು ಕದಲಿಲ್ಲ.

ನಾವು ಕೇಳುವುದು ಇಷ್ಟು. ಈ ಫ್ರಿಡ್ಜ್ ವಾಪಸ್ ತೆಗೆದುಕೊಂಡು, ಅವತ್ತು ನೋಡಿದ ಒಳಟ್ಯಾಂಕಿನ ಮಾಡೆಲ್ ಕೊಡಿ. ವ್ಯತ್ಯಾಸದ 13,500 ರೂಪಾಯಿ ಹಿಂತಿರುಗಿಸಿ. ಗೋಡೆಯ ತೂತು ಮುಚ್ಚಿಸಿಕೊಡಿ. ಪತ್ರ ತಲುಪಿದ 15 ದಿನದೊಳಗೆ ಆಗಬೇಕು.

ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇವೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೊಳ್ಳುವವರಿಗೆ ಸರಿಯಾದ ಮಾಹಿತಿ ಪಡೆಯುವ ಹಕ್ಕಿದೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಅಲ್ಲಿಯ ತನಕ ಎಳೆಯುವ ಆಸೆ ನಮಗಿಲ್ಲ. ಇಪ್ಪತ್ತು ವರ್ಷದಿಂದ ಮಿಕ್ಸಿ, ಗ್ರೈಂಡರ್, ಟಿವಿ ಎಲ್ಲ ನಿಮ್ಮಲ್ಲೇ ಕೊಂಡವರು ನಾವು.

ಬಿಲ್ಲಿನ ನಕಲು, ಮೆಕ್ಯಾನಿಕ್ ಬರೆದುಕೊಟ್ಟ ಎರಡು ಚೀಟಿ, ಪೊಳ್ಳು ಐಸಿನ ಫೋಟೋ ಲಗತ್ತಿಸಿದ್ದೇನೆ. ಫ್ರಿಡ್ಜ್ ಒಯ್ಯಲು ಬರುವಾಗ ನಾಲ್ಕು ಜನರನ್ನು ಕಳಿಸಿ. ಹೋದ ಸಲ ಮೂವರಿಂದ ಆಗದೆ, ಮೆಟ್ಟಿಲ ಹತ್ತಿರ ನಮ್ಮ ಯಜಮಾನರೂ ಕೈ ಕೊಡಬೇಕಾಯಿತು.

ಇಂತಿ,
ನಿಮ್ಮ ಹಳೆಯ ಗ್ರಾಹಕಿ